ಎರಡನೇ ತುದಿಯ ಗಂಟು

ವರ್ಕ್‌ಶಾಪಿನ ಮಾಳಿಗೆ ಕೋಣೆ,
ತಾರೀಕು ಹದಿನಾಲ್ಕು, ಮಂಗಳವಾರ, ಸಂಜೆ

ಪ್ರೀತಿಯ ತಮ್ಮಾ,

ಮೊದಲು ಆರೋಗ್ಯದ ವಿಷಯ. ಎದೆ ಕಟ್ಟುವುದು ಕಡಿಮೆಯಾಗಿದೆಯೇ? ಕೆಮ್ಮು? ನಿನ್ನ ಕಾರ್ಡಿನ ಮೂಲೆಯಲ್ಲಿ ಯಾವುದೋ ಕೋಲ್ಡ್ ಸ್ಟೋರೇಜಿನ ಮುದ್ರೆ ಇತ್ತು, ಅದನ್ನು ನೋಡಿದ ದಿನದಿಂದ ಅಮ್ಮನಿಗೆ ಒಂದೇ ಚಿಂತೆ. ಚಿಕ್ಕಂದಿನಲ್ಲಿ ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡರೂ ಮೂರು ದಿನ ಸೀನುತ್ತಿದ್ದವನು ಈಗ ಇಡೀ ದಿನ ಮಂಜಿನ ನಡುವೆ ಪೆಟ್ಟಿಗೆ ಹೊರುತ್ತಿದ್ದೀಯ. ಒಳಗೆ ಒಂದು ಉಣ್ಣೆ ಬನಿಯನ್ ಹಾಕಿಕೋ, ಕಿವಿ ಮುಚ್ಚಿಕೋ. ಎಂಟು ತಿಂಗಳಿಗೆ ಒಂದು ಕಾರ್ಡು, ಅದರಲ್ಲಿ ಒಂದೇ ಸಾಲು, ಆ ಸಾಲಿನಲ್ಲಿ ಎರಡು ತಪ್ಪು. ನಾನು ಕೆಂಪು ಪೆನ್ನು ಹುಡುಕುತ್ತಿದ್ದಾಗ ಅಮ್ಮ ಕಾರ್ಡನ್ನೇ ಕಿತ್ತುಕೊಂಡಳು. “ಅವನು ಬರ್ದಿದ್ದೇ ಹೆಚ್ಚು, ಅದನ್ನೂ ತಿದ್ದಬೇಡ ಕಣೇ ತಾಯಿ” ಎಂದಳು. ತಿದ್ದುವುದು ನನ್ನ ಹುಟ್ಟುಗುಣ, ನಿನಗೆ ಗೊತ್ತೇ ಇದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಹಾಗಾಗಿ ಬರೆದಿದ್ದೇನೆ. ಅಮ್ಮನ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಅಪ್ಪನ ಕಿವಿ ಪೂರ್ತಿ ಹೋದ ಹಾಗೆಯೇ. ಐವತ್ತು ವರ್ಷ ಎಂಜಿನ್ ಪಕ್ಕ ನಿಂತವರಿಗೆ ಕಿವಿ ಯಾಕೆ ಉಳಿಯುತ್ತದೆ? ಕಣ್ಣೂ ಮಂಜಾಗಿದೆ. ಆದರೆ ಕೈಬೆರಳು ಇನ್ನೂ ಇಪ್ಪತ್ತು ವರ್ಷದವರದು. ದಿನಾ ಹತ್ತು ಗಂಟೆಗೆ ಕೆಳಗಿಳಿದು ಬಂದು ಬೆಂಚಿನ ಮೇಲಿರುವ ವೈರಿನ ಕಟ್ಟುಗಳನ್ನೆಲ್ಲ ಒಮ್ಮೆ ಸವರುತ್ತಾರೆ. ಮೇಣದ ದಾರದ ಗಂಟು ಬೆರಳಿಗೆ ಸಿಕ್ಕಿದರೆ ಸಾಕು, ಯಾರು ಕಟ್ಟಿದ್ದು ಎಂದು ಹೇಳುತ್ತಾರೆ. ಅವರದು ಜೋಡಿ ಸುತ್ತಿನ ಚಪ್ಪಟೆ ಗಂಟು. ನೀನು ಎಡಗೈಯವನು, ನಿನ್ನದು ಎಡಕ್ಕೆ ವಾಲುತ್ತದೆ. ನನ್ನದು ಬಲಕ್ಕೆ ವಾಲಿ ಒಂದು ಸುತ್ತು ಹೆಚ್ಚು. “ಯಾರನ್ನೂ ನಂಬದವಳ ಗಂಟು” ಎಂದು ನೀನೇ ಆಡಿಕೊಳ್ಳುತ್ತಿದ್ದೆ. ಈಗಲೂ ನಿನ್ನ ಹಳೆಯ ಕಟ್ಟು ಯಾವುದಾದರೂ ರಿಪೇರಿಗೆ ವಾಪಸ್ ಬಂದರೆ ಅಪ್ಪ ಅದನ್ನು ಬೇಗ ಕೆಳಗಿಡುವುದಿಲ್ಲ.

ನಿನಗೆ ಒಂದು ಮುಖ್ಯವಾದ ವಿಷಯ ಬರೆಯಬೇಕು ಎಂದೇ ಕೂತಿದ್ದೇನೆ. ಅದನ್ನು ಮೊದಲೇ ಬರೆದರೆ ಮಿಕ್ಕಿದ್ದು ನಿನಗೆ ತಲೆಗೆ ಹೋಗುವುದಿಲ್ಲ, ಆದ್ದರಿಂದ ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ಹೆದರಬೇಡ. ನಾನು ಹೆದರಿದ್ದೇನೆ, ನೀನೂ ಹೆದರಿದರೆ ಪತ್ರ ಓದುವವರು ಯಾರು?

ಆ ಎಂಜಿನ್ ವಾಪಸ್ ಬಂದಿದೆ. ಯಾವುದು ಎಂದು ನಾನು ಹೇಳಬೇಕಾಗಿಲ್ಲ. ದೋಣಿ ಮುಳುಗಿದ್ದರ ವಿಚಾರಣೆ ಮುಗಿಯಿತು, ಫೈಲು ಮುಚ್ಚಿತು, ದೋಣಿಯನ್ನು ಗುಜರಿಗೆ ಹಾಕಿದರು. ಎಂಜಿನ್ ಮಾತ್ರ “ನಿಮ್ಮ ಅಂಗಡಿಯ ಕೆಲಸ, ನೀವೇ ಇಟ್ಕೊಳ್ಳಿ” ಎಂದು ಕಡವಿನವರು ಲಾರಿಯಲ್ಲಿ ತಂದು ಬಾಗಿಲಿಗೆ ಇಳಿಸಿ ಹೋದರು. ನದಿಯ ಕೆಸರು ಅದರ ಸಂದುಗಳಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ನಾನು ಒಂದು ವಾರ ಅದರ ಮೇಲೆ ಟಾರ್ಪಾಲು ಹೊದಿಸಿ ಅದು ಇಲ್ಲವೇನೋ ಎಂಬಂತೆ ಪಕ್ಕದಲ್ಲಿ ಓಡಾಡಿದೆ. ಆಮೇಲೆ ನಿನ್ನ ಕಾರ್ಡು ಬಂತು. “ನಾನು ಚೆನ್ನಾಗಿದ್ದೇನೆ, ವೈರು ಮುಟ್ಟುವುದಿಲ್ಲ, ಹುಡುಕಬೇಡಿ” ಎಂದು ಬರೆದಿದ್ದೆ. ದೀಪದ ಸ್ವಿಚ್ಚನ್ನಾದರೂ ಮುಟ್ಟುತ್ತೀಯೋ ಇಲ್ಲವೋ. ಅಂದೇ ಟಾರ್ಪಾಲು ಎಳೆದು ಹಾಕಿದೆ. ಆ ವರದಿಯಲ್ಲಿ “ಸೆನ್ಸರ್ ವೈರಿಂಗ್‌ನಲ್ಲಿ ದೋಷ” ಎಂದು ಬರೆದು ಅದರ ಕೆಳಗೆ ನಿನ್ನ ಹೆಸರು ಹಾಕಿದ್ದರಲ್ಲ, ಆದರೆ ದೋಷ ಏನು ಎಂದು ಒಬ್ಬನೂ ತೋರಿಸಿರಲಿಲ್ಲ. ನೀನೂ ಕೇಳಲಿಲ್ಲ. “ನನ್ನ ಕೈಯ ಕೆಲಸ, ನನ್ನದೇ ತಪ್ಪು” ಎಂದು ತಲೆ ತಗ್ಗಿಸಿ ನಿಂತೆ. “ಈ ಕಟ್ಟನ್ನು ಬೇರೆ ಯಾರಾದರೂ ಮುಟ್ಟಿದ್ರಾ?” ಎಂದು ಅವರು ಕೇಳಿದಾಗ ನನ್ನ ಕಡೆ ಒಮ್ಮೆ ನೋಡಿ “ಇಲ್ಲ ಸರ್” ಎಂದೆ. ಅದೇ ಸಂಜೆ ಚೀಲ ತೆಗೆದುಕೊಂಡು ಹೋದೆ. ನಿನ್ನ ತಪ್ಪಿಲ್ಲ ಎಂದು ತೋರಿಸಬೇಕು, ನಿನ್ನನ್ನು ಈ ಬೆಂಚಿಗೆ ವಾಪಸ್ ತರಬೇಕು, ಇದೊಂದೇ ನನ್ನ ಮನಸ್ಸಿನಲ್ಲಿದ್ದದ್ದು.

ಕೆಸರು ತೊಳೆದು, ಒಣಗಿಸಿ, ಎಂಜಿನ್ನನ್ನು ಸ್ಟ್ಯಾಂಡಿಗೆ ಏರಿಸಿದೆ. ನೀರಲ್ಲಿ ನೆಂದ ಕಂಟ್ರೋಲ್ ಬಾಕ್ಸ್ ಸತ್ತಿತ್ತು, ಅದೇ ತರಹದ ಇನ್ನೊಂದನ್ನು ಬೆಂಚಿನ ಮೇಲೆ ಕೂರಿಸಿದೆ. ಮಧ್ಯೆ ನಿನ್ನ ಕಟ್ಟನ್ನೇ ಜೋಡಿಸಿದೆ, ಒಂದು ಟೇಪು ಸಹ ಬಿಚ್ಚದೆ. ಅಪ್ಪ ನಮಗಿಬ್ಬರಿಗೂ ಮೊದಲ ದಿನ ಹೇಳಿಕೊಟ್ಟ ಪಾಠ ನೆನಪಾಯಿತು. ಎಂಜಿನ್ನಿನ ಸೆನ್ಸರ್ ಎಂದರೆ ಮೆಲ್ಲಗೆ ಮಾತಾಡುವ ಪ್ರಾಣಿ. ತಿರುಗುವ ಚಕ್ರದ ಹಲ್ಲುಗಳನ್ನು ಎಣಿಸಿ “ಒಂದು, ಒಂದು, ಒಂದು” ಎಂದು ಬಾಕ್ಸಿಗೆ ಪಿಸುಗುಟ್ಟುತ್ತಿರುತ್ತದೆ, ಬಾಕ್ಸ್ ಆ ಲೆಕ್ಕ ನಂಬಿ ಡೀಸೆಲ್ ಬಿಡುತ್ತದೆ. ಅಕ್ಕಪಕ್ಕದಲ್ಲಿ ಸ್ಟಾರ್ಟರ್, ಡೈನಮೊ, ಪಂಪು ಎಲ್ಲ ಸಂತೆ ನೆರೆದ ಹಾಗೆ ಕೂಗುತ್ತಿರುತ್ತವೆ. ಅದಕ್ಕೇ ಆ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆಯುವುದು, ಮೇಲೆ ತಾಮ್ರದ ಜಾಲರಿ ತೊಡಿಸುವುದು, ಆ ಜಾಲರಿಯನ್ನು ಬಾಕ್ಸಿನ ಕಡೆ ಮಾತ್ರ ಅರ್ಥಿಗೆ, ಅಂದರೆ ನೆಲದ ತಂತಿಗೆ, ಕಟ್ಟುವುದು. “ಒಂದು ತುದಿ ಮನೆಗೆ, ಇನ್ನೊಂದು ತುದಿ ಯಾರಿಗೂ ಇಲ್ಲ” ಎಂದು ಅಪ್ಪ ನಮ್ಮ ಕೈಯಲ್ಲಿ ಎಷ್ಟು ಸಲ ಹೇಳಿಸಿಲ್ಲ! ಎರಡೂ ಕಡೆ ಕಟ್ಟಿದರೆ ಕಬ್ಬಿಣದಲ್ಲಿ ಅಲೆಯುವ ಕಳ್ಳ ಕರೆಂಟಿಗೆ ಆ ಜಾಲರಿಯೇ ರಸ್ತೆ. ಗದ್ದಲ ತಡೆಯಲು ಹೊದಿಸಿದ ಬಟ್ಟೆಯೇ ಗದ್ದಲ ಒಳಗೆ ತರುತ್ತದೆ. ನೀನು ಅಂಥ ತಪ್ಪು ಮಾಡುವವನಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಆ ತುದಿಯನ್ನು ಮೊದಲು ನೋಡಲೂ ಇಲ್ಲ.

ಮೊದಲ ದಿನ ಎಲ್ಲ ಸರಿಯಾಗಿಯೇ ಇತ್ತು. ಎರಡನೇ ದಿನ ನಾನು ಬೆನ್ನು ತಿರುಗಿಸಿ ಬೇರೆ ಕೆಲಸ ಮಾಡುತ್ತಿದ್ದೆ. ಹೊರಗೆ ಒಳ್ಳೆ ಬಿಸಿಲು, ಬಾಗಿಲು ತೆರೆದಿತ್ತು, ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಬೆಂಚಿನ ಮೇಲಿನ ಮೀಟರಿನಿಂದ ಟಕ್ ಎಂದು ಸದ್ದು ಬಂತು. ತಿರುಗಿ ನೋಡಿದರೆ ಮುಳ್ಳು ಎದ್ದು ನಿಂತಿದೆ. ಎಂಜಿನ್ ಸ್ಟ್ಯಾಂಡಿನ ಮೇಲೆ ತಣ್ಣಗೆ ಕೂತಿದೆ, ಚಕ್ರ ಒಂದು ಕೂದಲೆಳೆಯಷ್ಟೂ ಅಲ್ಲಾಡುತ್ತಿಲ್ಲ, ಡೀಸೆಲ್ ಇಲ್ಲ, ಬೆಲ್ಟ್ ಇಲ್ಲ. ಆದರೆ ಮೀಟರು ಮಾತ್ರ ಎಂಜಿನ್ ತಿರುಗುತ್ತಿದೆ ಎನ್ನುತ್ತಿದೆ. ನಿಮಿಷಕ್ಕೆ ಆರು ನೂರ ಇಪ್ಪತ್ತು ಸುತ್ತು. ಕಡವಿನಲ್ಲಿ ಜನ ಹತ್ತುವವರೆಗೆ ಆ ದೋಣಿ ಕಾಯುತ್ತಾ ನಿಲ್ಲುತ್ತಿದ್ದ ವೇಗ ಅದು. ನೀನೂ ನಾನೂ ಕೂತು ಹೊಂದಿಸಿಕೊಟ್ಟದ್ದು. ನಾನು ಚಕ್ರದ ಮೇಲೆ ಅಂಗೈ ಇಟ್ಟೆ. ಕಬ್ಬಿಣ ತಣ್ಣಗಿತ್ತು. ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಸ್ವಲ್ಪ ಹೊತ್ತಿನ ಮೇಲೆ ಮುಳ್ಳು ತಾನಾಗಿ ಮಲಗಿತು. ಎಂಜಿನ್ ನಡುಹೊಳೆಯಲ್ಲಿ ನಿಂತದ್ದು ನಾಲ್ಕು ಹತ್ತಕ್ಕೆ ಎಂದು ವರದಿಯಲ್ಲಿರುವುದನ್ನು ನೆನೆದು ನಾನು ಬಾಗಿಲಾಚೆ ಹೋಗಿ ಬಿಸಿಲಲ್ಲಿ ನಿಂತೆ.

ಮರುದಿನವೂ ನಾಲ್ಕು ಹತ್ತಕ್ಕೆ ಮುಳ್ಳು ಎದ್ದಿತು. ಅದರ ಮರುದಿನವೂ. ನಾಲ್ಕನೇ ದಿನ ಅಪ್ಪನ ಹಳೆಯ ಕೇಳುವ ಡಬ್ಬಿ ತೆಗೆದೆ. ನೆನಪಿದೆಯಾ, ರೇಡಿಯೋ ಬಿಚ್ಚಿ ಮಾಡಿದ್ದು, ಒಂದು ಕಡೆ ಎರಡು ಕ್ಲಿಪ್ಪು, ಇನ್ನೊಂದು ಕಡೆ ಇಯರ್‌ಫೋನು. ತಂತಿಯಲ್ಲಿ ಗದ್ದಲ ಇದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ ಎಂದು ಅಪ್ಪ ಹೇಳುತ್ತಿದ್ದರಲ್ಲ. ಸೆನ್ಸರ್ ತಂತಿಗೆ ಕ್ಲಿಪ್ಪು ಹಾಕಿ ಕೂತೆ. ಮೊದಲು ಏನೂ ಇಲ್ಲ, ಬರೀ ಸೊಂಯ್ ಎನ್ನುವ ಮೌನ. ನಾಲ್ಕು ಹತ್ತಕ್ಕೆ ಒಂದು ಸಿಳ್ಳೆ ಬಂತು. ಸಣ್ಣಗೆ ಶುರುವಾಗಿ ಮೇಲಕ್ಕೆ ಏರಿತು, ಅಲ್ಲೇ ಸ್ವಲ್ಪ ನಿಂತಿತು, ಮತ್ತೆ ಇಳಿಯಿತು. ತಮ್ಮಾ, ಅಂಬಿಗ ಸೀಟಿ ಅಣ್ಣ ದೋಣಿ ಬಿಡುವ ಮುಂಚೆ ಜನರನ್ನು ಕರೆಯಲು ಹಾಕುತ್ತಿದ್ದ ಸಿಳ್ಳೆ ನಿನಗೆ ನೆನಪಿರಲೇಬೇಕು. ಏರಿಸಿ, ನಿಲ್ಲಿಸಿ, ಇಳಿಸಿ. ಅವನಿಗೆ ಆ ಅಡ್ಡಹೆಸರು ಬಂದದ್ದೇ ಅದರಿಂದ. ನೀರು ತುಂಬುತ್ತಿದ್ದ ದೋಣಿಯಿಂದ ಹದಿನಾಲ್ಕು ಜನರನ್ನೂ ದಡದ ಕಡೆ ದಾಟಿಸಿ, ಎಂಜಿನ್ ಚಾಲೂ ಮಾಡುತ್ತೇನೆ ಎಂದು ಕೆಳಗಿಳಿದು ದೋಣಿಯ ಜೊತೆಗೇ ಮುಳುಗಿ ಹೋದವನ ಸಿಳ್ಳೆ ನನ್ನ ಕಿವಿಯೊಳಗೆ ಕೇಳಿಸುತ್ತಿತ್ತು. ಇಯರ್‌ಫೋನ್ ಕಿತ್ತು ಎಸೆದೆ. ಅದು ಬೆಂಚಿನಿಂದ ಜೋತಾಡುತ್ತಾ ಇನ್ನೂ ಸಣ್ಣಗೆ ಉಲಿಯುತ್ತಲೇ ಇತ್ತು.

ನಾನು ದೆವ್ವ ಭೂತ ನಂಬುವವಳಲ್ಲ, ಅರ್ಥ್ ಸಡಿಲವಾಗಿರುವುದನ್ನು ನಂಬುವವಳು. ಎರಡು ದಿನ ಬೀದಿಯೆಲ್ಲ ಸುತ್ತಿ ಕಾರಣ ಹಿಡಿದೆ. ಪಕ್ಕದ ಲಾಂಡ್ರಿಯವನು ನಾಲ್ಕು ಗಂಟೆಗೆ ಅಂಗಡಿಯ ಎರಡನೇ ಪಾಳಿ ಶುರು ಮಾಡುತ್ತಾನೆ, ಹತ್ತು ನಿಮಿಷಕ್ಕೆ ತೊಟ್ಟಿ ಖಾಲಿಯಾಗುತ್ತದೆ, ಪಂಪು ತಾನಾಗಿ ಚಾಲೂ ಆಗುತ್ತದೆ. ಮೋಟಾರು ವೇಗ ಹಿಡಿಯುವಾಗ ಸ್ವರ ಏರುತ್ತದೆ, ಓಡುವಾಗ ನಿಲ್ಲುತ್ತದೆ, ನಿಲ್ಲುವಾಗ ಇಳಿಯುತ್ತದೆ. ಅಷ್ಟೇ. ಹೊಸ ಪಂಪು ಹಾಕಿ ಎರಡು ತಿಂಗಳಾಯಿತಂತೆ, ಅದರ ಕಳ್ಳ ಕರೆಂಟು ನಮ್ಮ ನೆಲಕ್ಕೂ ಬರುತ್ತಿತ್ತು. ನಾನು ನಕ್ಕುಬಿಟ್ಟೆ. ಆ ನಗು ಮನೆ ಮೆಟ್ಟಿಲು ಹತ್ತುವ ಮುಂಚೆಯೇ ನಿಂತಿತು. ಯಾಕೆಂದರೆ ದೋಣಿಯಲ್ಲೂ ಒಂದು ಪಂಪು ಇತ್ತು, ತಳಕ್ಕೆ ಸೇರಿದ ನೀರನ್ನು ಹೊರಗೆ ಚೆಲ್ಲುವುದು. ಆ ದಿನ ಹಲಗೆಯ ಸಂದು ಸೋರಿ ಸೀಟಿ ಅಣ್ಣ ಅದನ್ನು ಹಾಕಿದ್ದ, ಹಾಕಿದ ಕ್ಷಣಕ್ಕೆ ಎಂಜಿನ್ ನಿಂತಿತು ಎಂದು ಒಬ್ಬ ಪ್ರಯಾಣಿಕ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬಾಕ್ಸ್‌ಗೆ ಸುಳ್ಳು ಹಲ್ಲುಗಳ ಲೆಕ್ಕ ಹೋಗಿದೆ, ಲೆಕ್ಕ ತಪ್ಪಿದೆ ಎಂದು ಡೀಸೆಲ್ ನಿಲ್ಲಿಸಿದೆ. ಅವನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ದಾನೆ. ಒಳ್ಳೆಯ ಅಂಬಿಗ, ನೀರು ತುಂಬುವಾಗ ಪಂಪು ನಿಲ್ಲಿಸುತ್ತಾನೆಯೇ? ನಿಲ್ಲಿಸಿದ್ದರೆ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತಿತ್ತು.

ಇಷ್ಟರಲ್ಲಿ ಅತ್ತಿಗೆ ಬಂದಳು, ಸೀಟಿ ಅಣ್ಣನ ಹೆಂಡತಿ. ಎಂಜಿನ್ ನಮ್ಮಲ್ಲಿದೆ ಎಂದು ಯಾರೋ ಹೇಳಿದ್ದರಂತೆ. ಬೈಯಲು ಬಂದಿದ್ದಾಳೆ ಎಂದು ನಾನು ಮೈ ಗಟ್ಟಿ ಮಾಡಿಕೊಂಡೆ. ಅವಳು ಸುಮ್ಮನೆ ಎಂಜಿನ್ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. “ನಿನ್ನ ತಮ್ಮ ಒಂದು ಸಲ ಬಂದು ಎದುರಿಗೆ ನಿಂತಿದ್ರೆ ಸಾಕಿತ್ತು. ನಾನೇನು ಅವನನ್ನ ನುಂಗ್ತಿದ್ನಾ?” ಎಂದಳು. ಮಾತಾಡುತ್ತಿದ್ದಂತೆ ಗಂಟೆ ನಾಲ್ಕು ಹತ್ತಾಯಿತು, ಮುಳ್ಳು ಎದ್ದಿತು. ಬೆಂಚಿನ ಮೇಲಿದ್ದ ಇಯರ್‌ಫೋನಿನ ಸಣ್ಣ ಸದ್ದು ಅವಳಿಗೆ ಹೇಗೆ ಕೇಳಿಸಿತೋ! ತೆಗೆದು ಕಿವಿಗಿಟ್ಟುಕೊಂಡಳು. ಅವಳ ಮುಖ ಆದ ಬಗೆಯನ್ನು ನಾನು ಬರೆಯಲಾರೆ. “ಇದು ಅವರೇ ಕಣಮ್ಮ” ಎಂದಳು. ನಾನು ಪಂಪಿನ ವಿಷಯ ವಿವರಿಸಿದೆ, ಗೋಡೆ ದಾಟಿ ಕರೆದುಕೊಂಡು ಹೋಗಿ ಪಂಪನ್ನೂ ತೋರಿಸಿದೆ. ಎಲ್ಲಕ್ಕೂ ತಲೆಯಾಡಿಸಿದಳು. ಮರುದಿನ ಮೂರೂಮುಕ್ಕಾಲಿಗೆ ಮತ್ತೆ ಬಂದಳು, ಅದರ ಮರುದಿನವೂ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸದ ನಡುವೆ ಅರ್ಧ ಗಂಟೆ ರಜೆ ಕೇಳಿ ಬರುತ್ತಿದ್ದಳು. ಇಯರ್‌ಫೋನು ಹಾಕಿ, ಸೆರಗಿನಿಂದ ಕಿವಿ ಮುಚ್ಚಿ, ಕಣ್ಣು ಮುಚ್ಚಿ, ಸಿಳ್ಳೆ ಇಳಿಯುವವರೆಗೆ ಕೂತಿದ್ದು, “ಬರ್ತೀನಮ್ಮ” ಎಂದು ಹೋಗುತ್ತಿದ್ದಳು. ಆ “ಬರ್ತೀನಿ” ನನಗೆ ಹೇಳಿದ್ದೋ ಅದಕ್ಕೆ ಹೇಳಿದ್ದೋ ನನಗೆ ಒಂದು ದಿನವೂ ಗೊತ್ತಾಗಲಿಲ್ಲ.

ಹತ್ತು ದಿನ ಹಾಗೇ ನಡೆಯಿತು. ದೋಷ ಎಲ್ಲಿದೆ ಎಂದು ಹುಡುಕುವ ಧೈರ್ಯ ನನಗಾಗಲಿಲ್ಲ; ಹುಡುಕಿ ಸರಿಪಡಿಸಿದರೆ ಅವಳ ಸಿಳ್ಳೆ ಹೋಗುತ್ತದೆ. ಆದರೆ ಸರಿಪಡಿಸದಿದ್ದರೆ ನಿನ್ನ ಮೇಲಿನ ಆ ಸಾಲು ಹಾಗೇ ಉಳಿಯುತ್ತದೆ. ಹನ್ನೊಂದನೇ ದಿನ ಬೆಳಿಗ್ಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟನ್ನು ಬಿಚ್ಚಿದೆ. ಬಾಕ್ಸಿನ ಕಡೆ ಜಾಲರಿ ಅರ್ಥಿಗೆ ಅಚ್ಚುಕಟ್ಟಾಗಿ ಕಟ್ಟಿತ್ತು, ಎಡಕ್ಕೆ ವಾಲಿದ ನಿನ್ನ ಗಂಟು. ಎಂಜಿನ್ ಕಡೆಯ ತುದಿಗೆ ಏರಿಸಿದ್ದ ರಬ್ಬರ್ ಸ್ಲೀವನ್ನು ಬ್ಲೇಡಿನಿಂದ ಸೀಳಿದೆ. ಅಲ್ಲೂ ಜಾಲರಿಯನ್ನು ಪ್ಲಗ್ಗಿನ ಲೋಹದ ಕವಚಕ್ಕೆ ಸುತ್ತಿ, ಬೆಸುಗೆ ಹಾಕಿ, ಮೇಣದ ದಾರದಿಂದ ಬಿಗಿದಿದ್ದರು. ಎರಡೂ ತುದಿ ಕಟ್ಟಿತ್ತು, ತಮ್ಮಾ. ವಿಚಾರಣೆಯವರು ಆ ಸ್ಲೀವಿನೊಳಗೆ ನೋಡಿರಲೇ ಇಲ್ಲ. ಅಪ್ಪ ಕೈ ಚಾಚಿದರು. ನಾನು ಕೊಡಲು ಒಂದು ಕ್ಷಣ ತಡ ಮಾಡಿದೆ. ಹೆಬ್ಬೆರಳಿನಿಂದ ಆ ಗಂಟನ್ನು ತುಂಬಾ ಹೊತ್ತು ಸವರಿದರು, ಆಮೇಲೆ ಅದನ್ನು ಬೆಂಚಿನ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದರು. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ನಾನು ಆ ತುದಿಯ ಬೆಸುಗೆ ಕಿತ್ತು, ಗಂಟು ಕೆಡದಂತೆ ಜಾಲರಿಯನ್ನು ಬಿಡಿಸಿದೆ.

ನಾಲ್ಕು ಹತ್ತಕ್ಕೆ ಲಾಂಡ್ರಿಯ ಪಂಪು ಗೋಡೆಯಾಚೆ ಶುರುವಾದದ್ದು ಬರಿಗಿವಿಗೇ ಕೇಳಿಸಿತು. ಮುಳ್ಳು ಮಲಗಿದ್ದಲ್ಲೇ ಮಲಗಿತ್ತು. ಅತ್ತಿಗೆ ಇಯರ್‌ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿದಳು, ಕ್ಲಿಪ್ಪು ಅಲ್ಲಾಡಿಸಿ ನೋಡಿದಳು. ಕೊನೆಗೆ “ಏನು ಮಾಡ್ದೆ?” ಎಂದು ಕೇಳಿದಳು. “ಸರಿ ಮಾಡಿದೆ ಅತ್ತಿಗೆ” ಎಂದೆ. “ಓ” ಎಂದಳು, ಅಷ್ಟೇ. ನನ್ನ ಕೆಲಸದ ಜೀವನದಲ್ಲಿ ಒಂದು ತಂತಿ ಶುದ್ಧವಾದದ್ದಕ್ಕೆ ನಾನು ಅತ್ತದ್ದು ಅದೇ ಮೊದಲು. ಆದರೂ ಅವಳು ಬರುವುದು ಬಿಡಲಿಲ್ಲ. ಒಂಬತ್ತು ದಿನ ಏನೂ ಕೇಳಿಸದ ತಂತಿಗೆ ಕಿವಿ ಕೊಟ್ಟು ಕೂತು ಎದ್ದು ಹೋದಳು. ನಾನೂ ಆ ಒಂಬತ್ತು ದಿನ ಕಂಡದ್ದನ್ನು ಯಾರಿಗೂ ಹೇಳದೆ ಬಾಯಿ ಹೊಲಿದುಕೊಂಡು ಕೂತಿದ್ದೆ, ಯಾಕೆ ಎಂದು ಈಗಲೇ ಕೇಳಬೇಡ.

ಮೊನ್ನೆ ಭಾನುವಾರ ಲಾಂಡ್ರಿಯವನು ಅಂಗಡಿ ಮುಚ್ಚಿ ಊರಿಗೆ ಹೋಗಿದ್ದ. ಅದೂ ಅಲ್ಲದೆ ಕಂಬದ ಕೆಲಸ ಎಂದು ಬೆಳಗಿನಿಂದ ಬೀದಿಗೇ ಕರೆಂಟಿರಲಿಲ್ಲ. ಬೆಂಚಿನ ಬ್ಯಾಟರಿಯ ತಂತಿಯನ್ನು ನಾನೇ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಕೇಳುವ ಡಬ್ಬಿಯ ಸೆಲ್ಲುಗಳನ್ನು ಅಮ್ಮ ಟಾರ್ಚಿಗೆ ಹಾಕಿಕೊಂಡಿದ್ದಳು. ಇಷ್ಟೆಲ್ಲ ಸತ್ತಿದೆ ಎಂದು ಹೇಳಿದರೂ ಅತ್ತಿಗೆ “ಇರ್ಲಿ ಬಿಡು” ಎಂದು ಎಂದಿನಂತೆ ಇಯರ್‌ಫೋನು ಹಾಕಿ ಕೂತಳು. ಬಾಗಿಲಿನಿಂದ ಹಳದಿ ಬಿಸಿಲು ಎಂಜಿನ್ನಿನ ಮೇಲೆ ಬಿದ್ದಿತ್ತು. ನಾನು ಎದುರಿಗೆ ಕೂತು ಸ್ಕ್ರೂಗಳನ್ನು ವಿಂಗಡಿಸುತ್ತಿದ್ದೆ. ಆಗ ಸಿಳ್ಳೆ ಬಂತು. ಇಯರ್‌ಫೋನಿನಲ್ಲಲ್ಲ, ನನ್ನ ಕಿವಿಯಲ್ಲಿ ಯಾವ ಇಯರ್‌ಫೋನೂ ಇರಲಿಲ್ಲ. ಕೋಣೆಯೊಳಗೇ ಬಂತು. ಏರಿತು, ನಿಂತಿತು. ನಾನು ಅತ್ತಿಗೆಯ ತುಟಿಯನ್ನೇ ನೋಡುತ್ತಿದ್ದೆ, ತುಟಿ ಮುಚ್ಚಿತ್ತು. ಕಣ್ಣು ಮುಚ್ಚಿಕೊಂಡೇ ಅವಳು “ಬಂದ್ರು” ಎಂದಳು. ಈ ಸಲ ಸಿಳ್ಳೆ ಇಳಿಯಲಿಲ್ಲ, ಮೇಲೆಯೇ ಇತ್ತು, ಜನ ಇನ್ನೂ ಹತ್ತುವುದಿದೆ ಎನ್ನುವ ಹಾಗೆ ಕಾಯುತ್ತಲೇ ಇತ್ತು. ಒಳಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎರಡು ವರ್ಷದಿಂದ ಬಾಗಿಲು ಬಡಿದರೂ ಕೇಳಿಸದ ಅಪ್ಪ ಅರ್ಧ ಮೆಟ್ಟಿಲಿಳಿದು ನಿಂತು “ಯಾರದು ಸಿಳ್ಳೆ ಹಾಕ್ತಿರೋದು?” ಎಂದು ಕೇಳಿದರು.

ಅದು ಯಾವ ತಂತಿಯಿಂದ ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಕುವುದೂ ಇಲ್ಲ. ಆದರೆ ಅದು ಯಾತಕ್ಕೆ ಕಾಯುತ್ತಿತ್ತು ಎಂದು ನನಗೆ ಆ ಕ್ಷಣವೇ ತಿಳಿಯಿತು. ಮಾಡಬೇಕಾದ ಕೆಲಸವನ್ನು ಮಾಡಿದೆ. ನಿನ್ನೆಯೂ ಇವತ್ತೂ ಕೋಣೆ ನಿಶ್ಶಬ್ದವಾಗಿದೆ.

ಕಾಗದ ಮುಗಿಯುತ್ತಾ ಬಂತು. ಅಮ್ಮ ಕೈಗವಸು ಹೆಣೆದಿದ್ದಾಳೆ, ಎಡಗೈಯದು ಸ್ವಲ್ಪ ದೊಡ್ಡದಾಗಿದೆ. ನಾನು ಬಿಚ್ಚಿ ಸರಿ ಮಾಡಲು ಹೋಗಲಿಲ್ಲ, ಇದನ್ನು ಗಮನಿಸು. ಅಪ್ಪ ನಿನ್ನ ತಲೆ ಸವರಿದೆ ಎಂದು ಬರೆ ಎಂದರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಕಾಲಲ್ಲಿ ಮಲಗಬೇಡ. ನೀನಿರುವ ಕಡೆ ನಿನ್ನನ್ನು ಬೈಯುವವರೂ ಇಲ್ಲ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ನೂರು ಕಾಲ ಸುಖವಾಗಿರು, ಅದರಲ್ಲಿ ಸ್ವಲ್ಪ ಕಾಲವಾದರೂ ನಮ್ಮ ಕಣ್ಣೆದುರು ಇರು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ, ಇಷ್ಟು ಹೊತ್ತೂ ಇದರ ಸುತ್ತಲೇ ಸುತ್ತಿದೆ. ಎರಡನೇ ತುದಿಯ ಆ ಗಂಟು ಬಲಕ್ಕೆ ವಾಲಿತ್ತು, ಒಂದು ಸುತ್ತು ಹೆಚ್ಚಿತ್ತು. ಅದು ನನ್ನದು. ನೀನು ಊಟಕ್ಕೆ ಹೋಗಿದ್ದೆ, ಕಟ್ಟು ಬೆಂಚಿನ ಮೇಲಿತ್ತು. ಆ ದೋಣಿಯ ಬಾಕ್ಸಿಗೆ ಹೊಸ ನಮೂನೆಯ ಪ್ಲಗ್ಗು ಬಂದಿತ್ತಲ್ಲ. ಯಾವಾಗಲೂ ಬಾಕ್ಸಿನ ಕಡೆ ಇರುವ ದುಂಡನೆಯ ಪ್ಲಗ್ಗು ಇದರಲ್ಲಿ ಎಂಜಿನ್ ಕಡೆ ಇತ್ತು. ನಾನು ದುಂಡಗಿನದನ್ನು ನೋಡಿದೆ, ಇದೇ ಬಾಕ್ಸಿನ ತುದಿ, ಹುಡುಗ ಜಾಲರಿ ಕಟ್ಟುವುದನ್ನೇ ಮರೆತಿದ್ದಾನೆ ಎಂದುಕೊಂಡೆ. ಇನ್ನೊಂದು ತುದಿಯನ್ನು ತಿರುಗಿಸಿ ನೋಡಲೂ ಇಲ್ಲ. ಅಪ್ಪನ ಮುಂದೆ ನಿನಗೆ ಅವಮಾನ ಬೇಡ ಎಂದು ಸದ್ದಿಲ್ಲದೆ ಕಟ್ಟಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ನೀನು ಬಂದು “ಸ್ಲೀವ್ ಹಾಕ್ಬಿಟ್ಯಾ ಅಕ್ಕ? ಥ್ಯಾಂಕ್ಸ್” ಎಂದೆ. ಅದು ನಿನಗೆ ಮಾಡಿದ ಉಪಕಾರ ಎಂದೇ ನನ್ನ ನೆನಪಿನಲ್ಲಿ ಇಷ್ಟು ದಿನ ಉಳಿದಿತ್ತು. ಗಂಟು ಕಂಡ ಮೇಲೂ ಒಂಬತ್ತು ದಿನ ಮುಚ್ಚಿಟ್ಟೆ, ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಭಾನುವಾರ ಸಿಳ್ಳೆ ಇನ್ನೂ ಮೇಲೆಯೇ ಇರುವಾಗ ಅತ್ತಿಗೆಗೆ ಹೇಳಿದೆ. ಅಪ್ಪನ ಕಿವಿಗೂ ಬಾಯಿಟ್ಟು ಕೂಗಿ ಹೇಳಿದೆ. “ನನಗೆ ಬೆರಳಿಗೆ ಸಿಕ್ಕಿದ ದಿನವೇ ಗೊತ್ತಾಯ್ತು, ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ” ಎಂದರು. ಹೇಳಿ ಮುಗಿಸಿದ ಮೇಲೆ ನೋಡಿದರೆ ಸಿಳ್ಳೆ ಇರಲಿಲ್ಲ, ಯಾವಾಗ ಇಳಿಯಿತೋ ನಮಗೆ ಯಾರಿಗೂ ತಿಳಿಯಲಿಲ್ಲ. ಅತ್ತಿಗೆ ಇಯರ್‌ಫೋನಿನ ತಂತಿ ಸುತ್ತಿ ಬೆಂಚಿನ ಮೇಲಿಟ್ಟು, “ನಿನ್ನ ಜೊತೆ ಮಾತಾಡೋಕೆ ನನಗೆ ಸ್ವಲ್ಪ ದಿನ ಬೇಕು. ಮೊದಲು ಆ ಹುಡುಗನ್ನ ಕರೆಸು” ಎಂದಳು. ನಿನ್ನೆ ಬೆಳಿಗ್ಗೆ ವಿಚಾರಣೆಯವರ ಕಚೇರಿಗೆ ಹೋಗಿ ಆ ತುದಿಯನ್ನೂ ಗಂಟನ್ನೂ ಕೊಟ್ಟು, ಎಲ್ಲ ಬರೆದು ಸಹಿ ಹಾಕಿ ಬಂದಿದ್ದೇನೆ. ವರದಿಯಲ್ಲಿ ನಿನ್ನ ಹೆಸರು ಹೊಡೆದು ನನ್ನದು ಹಾಕುತ್ತಾರೆ. ನನಗೆ ಏನಾಗುತ್ತದೋ ಆಗಲಿ, ಬೆಂಚು ಖಾಲಿ ಬೀಳಬಾರದು.

ಒಂದೇ ಒಂದು ಕೇಳುತ್ತೇನೆ. ಅವತ್ತು ಅವರು “ಬೇರೆ ಯಾರಾದರೂ ಮುಟ್ಟಿದ್ರಾ” ಎಂದಾಗ ನೀನು ನನ್ನ ಕಡೆ ನೋಡಿ ಇಲ್ಲ ಎಂದೆ. ಆ ಸ್ಲೀವ್ ನಿನಗೆ ನೆನಪಿತ್ತು, ಅಲ್ಲವೇ? ಉತ್ತರ ಬರೆಯಬೇಡ, ಬಂದು ಹೇಳು. ಕಟ್ಟಿನ ಉಳಿದ ಭಾಗಕ್ಕೆ ಹೊಸ ಪ್ಲಗ್ಗು ಜೋಡಿಸಿ ಬೆಂಚಿನ ಮೇಲಿಟ್ಟಿದ್ದೇನೆ, ಎಂಜಿನ್ ಕಡೆಯ ತುದಿ ತೆರೆದೇ ಇದೆ. ಸ್ಲೀವ್ ನೀನು ಹಾಕು. ನಾನು ಮುಟ್ಟುವುದಿಲ್ಲ.